ಸೂಲಗಿತ್ತಿಗೆ ಹಾರ ಸಾಕು, ಲೆಕ್ಕ ಕೊಡಿ

ನಮ್ಮ ವಿಚಾರ ಸಂಕಿರಣಗಳಲ್ಲಿ ಸೂಲಗಿತ್ತಿ ಎಂಬ ರೂಪಕಕ್ಕೆ ಬೇಡಿಕೆ ಜಾಸ್ತಿ. ಒಳ್ಳೆಯ ಗುರು ಸೂಲಗಿತ್ತಿ, ಒಳ್ಳೆಯ ವಿಮರ್ಶಕ ಸೂಲಗಿತ್ತಿ, ಕವಿತೆ ತಿದ್ದುವ ಸಂಪಾದಕನೂ ಸೂಲಗಿತ್ತಿ. ಸಾಕ್ರೆಟಿಸ್ ತನ್ನನ್ನು ಸೂಲಗಿತ್ತಿಗೆ ಹೋಲಿಸಿಕೊಂಡದ್ದನ್ನು ಯಾರಾದರೊಬ್ಬರು ನೆನಪಿಸುತ್ತಾರೆ. ಅವನ ತಾಯಿ ನಿಜಕ್ಕೂ ಆ ಕೆಲಸ ಮಾಡುತ್ತಿದ್ದಳೆಂದು ನೆನಪಿಸುವವರು ಕಡಿಮೆ. ಮಗನ ರೂಪಕ ಉಳಿಯಿತು, ತಾಯಿಯ ಕಸುಬು ಮರೆಗೆ ಸರಿಯಿತು.

ನಾನೂ ಇದಕ್ಕೆ ಹೊರತಲ್ಲ. ಕ್ಷೇತ್ರಕಾರ್ಯಕ್ಕೆಂದು ಹೋಗಿ ಒಬ್ಬ ಹಿರಿಯ ಸೂಲಗಿತ್ತಿಯಿಂದ ಎರಡು ದಿನ ಜೋಗುಳ, ಸೋಬಾನೆ ಪದಗಳನ್ನು ಬರೆದುಕೊಂಡೆ. ಹೊರಡುವಾಗ ಆಕೆ ಕೇಳಿದರು: "ಹಾಡೆಲ್ಲ ಬರ್ಕಂಡೆ ಕಣವ್ವ. ಕೂಸು ಅಡ್ಡ ತಿರುಗಿದ್ರೆ ಏನ್ ಮಾಡ್ತಿದ್ದೆ ಅಂತ ಕೇಳ್ನೇ ಇಲ್ವಲ್ಲ?" ನನ್ನ ಪ್ರಶ್ನಾವಳಿಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಆಕೆಗೆ ಸಿಕ್ಕ ಕೂಲಿ ಎಷ್ಟೆಂಬುದಕ್ಕೂ ಇರಲಿಲ್ಲ.

ಹಾಗೆಂದು ಹಳೆಯ ಕಾಲವೇ ಚೆಂದವಿತ್ತು ಎನ್ನುವವರ ಸಾಲಿಗೆ ನಾನು ಸೇರಲಾರೆ. 2001–03ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 228 ತಾಯಂದಿರು ಸಾಯುತ್ತಿದ್ದರು. 2018–20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ರಕ್ತಸ್ರಾವ ನಿಲ್ಲದಿದ್ದಾಗ, ನಂಜು ಏರಿದಾಗ ಎಷ್ಟು ಪಳಗಿದ ಕೈಯೂ ಸಾಲದು. ರಕ್ತ ಬೇಕು, ಔಷಧ ಬೇಕು, ಆಂಬುಲೆನ್ಸ್ ಬೇಕು. ಇನ್ನು ಆ "ಪವಿತ್ರ ಸೇವೆ"ಯ ಮಾತು. ಅನೇಕ ಊರುಗಳಲ್ಲಿ ಹೊಕ್ಕುಳಬಳ್ಳಿ ಕತ್ತರಿಸಿ ಮಾಸು ಹೂಳುವ ಕೆಲಸ ಕೆಳಜಾತಿಯ ಹೆಣ್ಣಿನ ಪಾಲಿಗೆ ಬಂದದ್ದು ಅದು ಪವಿತ್ರವೆಂದಲ್ಲ, ಮೈಲಿಗೆಯೆಂದು. ಹೆರಿಗೆಗೆ ಆ ಕೈ ಬೇಕಿತ್ತು, ಆಮೇಲೆ ಆ ಕೈಯ ನೀರು ಬೇಡವಾಗಿತ್ತು. ಮೊರದಷ್ಟು ರಾಗಿ, ಎಲೆಯಡಿಕೆ, ಒಂದು ರವಿಕೆ ಕಣ ಕೊಟ್ಟು ಮುಗಿಸಿದ್ದನ್ನು ನಾವು ಈಗ ನಿಸ್ವಾರ್ಥ ಎಂದು ಹಾಡುತ್ತಿದ್ದೇವೆ.

ಆದರೆ ಆಸ್ಪತ್ರೆಯೂ ಲೆಕ್ಕ ಕೊಡಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 97% ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ. ಒಟ್ಟು ಹೆರಿಗೆಗಳಲ್ಲಿ 31.5% ಸಿಸೇರಿಯನ್. ದೇಶದ ಖಾಸಗಿ ಆಸ್ಪತ್ರೆಗಳಲ್ಲಂತೂ ಇದು 47.4%. ನಮ್ಮ ಹೆಣ್ಣುಮಕ್ಕಳ ಮೈ ಇದ್ದಕ್ಕಿದ್ದಂತೆ ಹೆರಲು ಬಾರದ್ದಾಯಿತೇ? ಕಾಯುವುದು ಒಂದು ವಿದ್ಯೆ. ಬೆನ್ನು ನೀವುತ್ತಾ, ಕೂರಿಸಿ, ನಡೆಸಿ, ರಾತ್ರಿಯಿಡೀ ಜೊತೆಗಿರುವುದು ಆ ವಿದ್ಯೆಯ ಭಾಗ. ಮಂಚಗಳಿಗಿಂತ ಬಸುರಿಯರೇ ಹೆಚ್ಚಿರುವ ವಾರ್ಡಿನಲ್ಲಿ ಒಬ್ಬ ನರ್ಸ್ ಅದನ್ನು ಹೇಗೆ ಮಾಡಿಯಾಳು?

ಇದು ಸರ್ಕಾರಕ್ಕೂ ಗೊತ್ತು. ಅದಕ್ಕೇ 2018ರ ಡಿಸೆಂಬರಿನಲ್ಲಿ ಕೇಂದ್ರವು ಸೂಲಗಿತ್ತಿ ಸೇವೆಗಳ ಮಾರ್ಗಸೂಚಿ ತಂದಿತು: ನೋಂದಾಯಿತ ನರ್ಸುಗಳಿಗೆ 18 ತಿಂಗಳ ತರಬೇತಿ, ಸಹಜ ಹೆರಿಗೆಗೆ ಒತ್ತು, ಗೌರವದ ಆರೈಕೆ. ಒಳ್ಳೆಯದೇ. ಅದೇ ತಿಂಗಳ 25ರಂದು ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ತೀರಿಕೊಂಡರು. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರೆಂದು ಹೆಸರಾದವರು. ತುಮಕೂರು ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್, ಪದ್ಮಶ್ರೀ ಎರಡೂ ಬಂದಿದ್ದವು. ಒಬ್ಬರಿಗೆ ಪದ್ಮಶ್ರೀ ಕೊಟ್ಟ ವ್ಯವಸ್ಥೆ ಉಳಿದವರನ್ನು "ಅಕುಶಲರು" ಎಂಬ ಒಂದೇ ಪದದಲ್ಲಿ ಮುಗಿಸಿತು.

ಅವರು ಮತ್ತೆ ಮನೆಯಲ್ಲಿ ಹೆರಿಗೆ ಮಾಡಿಸಲಿ ಎಂದು ನಾನು ಕೇಳುತ್ತಿಲ್ಲ. ಹೆರಿಗೆ ಕೋಣೆಗೆ ಜೊತೆಗಾತಿಯನ್ನು ಬಿಡಬಹುದೆಂದು ಕೇಂದ್ರ 2016ರಲ್ಲೇ ಹೇಳಿದೆ; ಮನೆಯವರಿಲ್ಲದ ಬಸುರಿಗೆ ಸಂಬಳದ ಜೊತೆಗಾತಿಯಾಗಿ ಅನುಭವಸ್ಥ ಸೂಲಗಿತ್ತಿ ಯಾಕಾಗಬಾರದು? ಜನಪದ ಕಲಾವಿದರಿಗೆ ಮಾಸಾಶನವಿರುವಾಗ ಇವರಿಗೆ ಯಾಕಿಲ್ಲ? ನಮ್ಮ ಜಾನಪದ ವಿಭಾಗಗಳು ಹಾಡಿನ ಜೊತೆಗೆ ಕೈಯ ಅರಿವನ್ನೂ ದಾಖಲಿಸಲಿ. ವೈದ್ಯರು ಅದನ್ನು ಪರೀಕ್ಷಿಸಲಿ, ತಪ್ಪಿದ್ದರೆ ತಪ್ಪೆನ್ನಲಿ. ಕೇಳದೆಯೇ ತಳ್ಳಿಹಾಕುವುದು ವಿಜ್ಞಾನವಲ್ಲ, ಕೇಳದೆಯೇ ಪೂಜಿಸುವುದು ಸಂಶೋಧನೆಯೂ ಅಲ್ಲ.

ಆ ಅಜ್ಜಿಯ ಮನೆಗೆ ನಾನು ಮತ್ತೆ ಹೋಗುತ್ತೇನೆ. ಈ ಸಲ ಹಾಡು ಕೇಳುವುದಿಲ್ಲ.