ವಿಜ್ಞಾನ ವಿಚಾರ: ಸೂರ್ಯನ ಉರುವಲು
ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಮಾಳಿಗೆಗಳ ಮೇಲೆ ಸಂಡಿಗೆಯನ್ನೊಣಗಿಸುವ ಬಿಸಿಲಿಗೆ ಉರುವಲು ಯಾವದು? ಜಲಜನಕದ ಪರಮಾಣುಬೀಜಗಳು ಕೂಡಿ ಹೀಲಿಯಮ್ ಆಗುವಾಗ ಹುಟ್ಟುವ ಕಾವೇ ಅದು. ಆ ಹೀಲಿಯಮ್ಮಿನ ಹಳದಿ ಗೆರೆಯು ಕಣ್ಣಿಗೆ ಬಿದ್ದುದು 1868ರ ಆಗಸ್ಟ್ 18ರ ಖಗ್ರಾಸ ಗ್ರಹಣದಲ್ಲಿ; ನಮ್ಮ ನೆರೆಯ ಜಮಖಂಡಿಯಲ್ಲಿ ನಿಂತು ಜಾನ್ ಹರ್ಶೆಲ್ಲರೂ ಅದನ್ನು ವರ್ಣದರ್ಶಕದಿಂದ ಪರೀಕ್ಷಿಸಿದ್ದರು.

ಈ ಕೂಡಿಕೆಯನ್ನು ಪ್ರಯೋಗಶಾಲೆಯಲ್ಲಿ ಅಳೆಯುವದು ಬಲು ತಾಳ್ಮೆಯ ಕೆಲಸ. ವಿಶ್ವಕಿರಣಗಳ ಗದ್ದಲ ತಾಗದಂತೆ ಇಟಲಿಯ ಗ್ರಾನ್ ಸಾಸ್ಸೋ ಪರ್ವತದಲ್ಲಿ 1,400 ಮೀಟರು ಬಂಡೆಯ ಕೆಳಗೆ ಕುಳಿತು, ಲೂನಾ ಪ್ರಯೋಗದವರು ಅದರ ಕೊನೆಯ ಹಂತವೊಂದನ್ನು ಅಳೆದು 1999ರಲ್ಲಿ ಪ್ರಕಟಿಸಿದರು. ಅತಿ ಕಡಿಮೆ ಶಕ್ತಿಯಲ್ಲಿ ಅವರಿಗೆ ದೊರೆತುದು ತಿಂಗಳಿಗೆ ಸುಮಾರು ಎರಡೇ ಕೂಡಿಕೆ! ಮೊದಲ ಹಂತವಂತೂ ಇನ್ನೂ ಮಂದ; ಯಾವ ಪ್ರಯೋಗಶಾಲೆಗೂ ಅದು ಸಿಕ್ಕಿಲ್ಲ. ಆ ಸಾವಕಾಶದಿಂದಲೇ ಸೂರ್ಯನು 460 ಕೋಟಿ ವರ್ಷ ಉರಿದೂ ನಾಳಿನ ಹಪ್ಪಳಕ್ಕೆ ಬಿಸಿಲುಳಿಸಿರುವನು.