ಮನೆಯೇ ಪಾಠಶಾಲೆಯಾಗುವುದಕ್ಕೆ ಮುಂಚೆ

ಪಾಠಶಾಲೆಯೊಂದರ ಸ್ಮರಣ ಸಂಚಿಕೆಯಲ್ಲಿ ಮಕ್ಕಳನ್ನು ಪಾಠಶಾಲೆಗೆ ಕಳುಹಿಸದಿರುವ ವಿಷಯವನ್ನೆತ್ತುವುದು ವಾಚಕರಲ್ಲಿ ಕೆಲವರಿಗೆ ವಿಪರೀತವಾಗಿ ತೋರಬಹುದು. ಆದರೆ ಮಗುವಿಗೆ ಮನೆಯಲ್ಲಿಯೇ ವಿದ್ಯೆ ಕಲಿಸಬೇಕೆಂಬ ಯೋಚನೆಯು ಈಗ ನಮ್ಮ ಪರಿಚಯದ ಮನೆಗಳಿಗೂ ಬಂದಿದೆ. 2020ನೆಯ ಇಸವಿಯ ಮಾರ್ಚಿಯಲ್ಲಿ ಸಾಂಕ್ರಾಮಿಕ ರೋಗದ ನಿಮಿತ್ತ ಶಾಲೆಗಳು ಮುಚ್ಚಿದಾಗ ಅನೇಕ ತಾಯ್ತಂದೆಗಳು ತಮ್ಮ ಮಕ್ಕಳು ಕಲಿಯುವ ರೀತಿಯನ್ನು ಮೊದಲನೆಯ ಸಲ ಹತ್ತಿರದಿಂದ ಕಂಡರು. ಆದಕಾರಣ ಈ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುವುದು ಯುಕ್ತವೆಂದು ಭಾವಿಸುತ್ತೇವೆ.

ಇಂಥ ಮನೆಯೊಂದಕ್ಕೆ ನಾವು ಹೋಗಿದ್ದೆವು. ಪುಸ್ತಕಗಳು ಬಂದಿದ್ದವು, ಗೋಡೆಯ ಮೇಲೆ ವೇಳಾಪಟ್ಟಿಯು ತೂಗುತ್ತಿತ್ತು, ಕಿಟಕಿಯ ಬಳಿ ಹೊಸ ಮೇಜನ್ನು ಇರಿಸಿದ್ದರು. ಹತ್ತು ವರ್ಷದ ಬಾಲಿಕೆಯು ಮಾತ್ರ ಸುಮ್ಮನೆ ಕುಳಿತಿದ್ದಳು. ನಾವು ಹತ್ತಿರ ಕರೆದು ಮಾತನಾಡಿಸಲು, ಅವಳು ಮೂರು ಪ್ರಶ್ನೆಗಳನ್ನು ಕೇಳಿದಳು: “ನನ್ನ ಗೆಳತಿಯರನ್ನು ನಾನು ನೋಡುವುದು ಯಾವಾಗ? ಅಮ್ಮ ಯಾವಾಗ ಅಮ್ಮ, ಯಾವಾಗ ಟೀಚರು? ತಮ್ಮ ಅತ್ತರೆ ನನ್ನ ಪಾಠ ನಿಲ್ಲುತ್ತದೆಯೇ?” ದೊಡ್ಡವರ ಸಿದ್ಧತೆಯೆಲ್ಲಾ ಮುಗಿದಿತ್ತು, ಮಗುವಿನ ಸಿದ್ಧತೆಯು ಇನ್ನೂ ಆರಂಭವೇ ಆಗಿರಲಿಲ್ಲ.

ಮನೆಪಾಠವನ್ನು ನಾವು ಹಳಿಯುವವರಲ್ಲ. ಪಂಡಿತಾ ರಮಾಬಾಯಿಯವರ ಚರಿತ್ರೆಯು ನಮ್ಮೆದುರಿಗಿದೆ. ತುಂಗೆ, ಭದ್ರೆ, ನೇತ್ರಾವತಿಗಳು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಜನಿಸಿದ ಆ ಮಹಿಳೆಗೆ ವಿದ್ಯೆ ಕಲಿಸಿದವಳು ಆಕೆಯ ತಾಯಿ ಲಕ್ಷ್ಮೀಬಾಯಿ. ಆ ತಾಯಿಗೆ ಸಂಸ್ಕೃತವನ್ನು ಕಲಿಸಿದವನು ಗಂಡನಾದ ಅನಂತ ಶಾಸ್ತ್ರಿ. ಕುಟುಂಬವು ಊರಿಂದೂರಿಗೆ ಯಾತ್ರೆ ಹೋಗುತ್ತಿದ್ದುದರಿಂದ ನಿಂತ ಮನೆಯೇ ಇರಲಿಲ್ಲ. ಹಗಲೆಲ್ಲಾ ಮೈಮುರಿಯುವ ಕೆಲಸವಿದ್ದ ತಾಯಿಯು ನಸುಕಿನಲ್ಲಿಯೇ ಮಗಳನ್ನೆಬ್ಬಿಸಿ ಪಾಠ ಹೇಳುತ್ತಿದ್ದಳು. ಇದೇ ಬಾಲಿಕೆಗೆ 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ‘ಪಂಡಿತಾ’ ಎಂಬ ಬಿರುದನ್ನಿತ್ತರು. ಮನೆಪಾಠಕ್ಕೆ ಬೇಕಾದದ್ದು ಮೇಜಲ್ಲ, ಯಾರೂ ಕಸಿದುಕೊಳ್ಳಲಾಗದ ಒಂದು ಹೊತ್ತು ಎಂಬದು ಇದರಿಂದ ಸ್ಪಷ್ಟವಾಗುತ್ತದೆ.

ಆದರೆ ಆ ಚರಿತ್ರೆಗೆ ಇನ್ನೊಂದು ಮುಖವುಂಟು. ಮಕ್ಕಳು ಹೊರಗಿನ ಲೋಕದೊಡನೆ ಬೆರೆಯದಂತೆ ತಾಯ್ತಂದೆಗಳು ಕಾಪಾಡಿದರೆಂದೂ, ಶಾಸ್ತ್ರವಿದ್ಯೆಯೊಂದನ್ನೇ ಕಲಿತ ತಮಗೆ ಕ್ಷಾಮವು ಬಂದಾಗ ದುಡಿದು ಉಣ್ಣುವ ದಾರಿಯೇ ತಿಳಿಯಲಿಲ್ಲವೆಂದೂ ರಮಾಬಾಯಿಯವರೇ ತಮ್ಮ ಜೀವನವೃತ್ತಾಂತದಲ್ಲಿ ಹೇಳಿಕೊಂಡಿದ್ದಾರೆ. ಮನೆಯಲ್ಲಿಯೇ ಕಲಿತ ಅವರು 1889ರಲ್ಲಿ ಮುಂಬಯಿಯಲ್ಲಿ ‘ಶಾರದಾ ಸದನ’ವನ್ನು ತೆರೆದು ಇತರ ಹೆಣ್ಣುಮಕ್ಕಳನ್ನು ಒಂದುಗೂಡಿಸಿ ಕಲಿಸಿದರೆಂಬದು ಅರ್ಥವಿಲ್ಲದ ಸಂಗತಿಯಲ್ಲ. ಗೆಳತಿಯರನ್ನು ಕುರಿತ ಆ ಬಾಲಿಕೆಯ ಮೊದಲನೆಯ ಪ್ರಶ್ನೆಗೆ ಇಲ್ಲಿ ಉತ್ತರವಿದೆ. ಮಗುವಿಗೆ ಪುಸ್ತಕ ಎಷ್ಟು ಅವಶ್ಯವೋ ಸಹವಾಸವೂ ಅಷ್ಟೇ ಅವಶ್ಯ.

ಎರಡನೆಯ ಪ್ರಶ್ನೆಯು ತಾಯಿಗೆ ಸಂಬಂಧಪಟ್ಟದ್ದು. ಶಾಲೆಯಲ್ಲಿ ಲೆಕ್ಕ ತಪ್ಪಿದ ಮಗುವು ಸಂಜೆ ತಾಯಿಯ ಮಡಿಲಿಗೆ ಬಂದು ಅಳಬಹುದು. ಲೆಕ್ಕ ಹೇಳಿಕೊಡುವವಳೂ ಗದರಿಸುವವಳೂ ತಾಯಿಯೇ ಆದರೆ ಅದು ಎಲ್ಲಿಗೆ ಹೋದೀತು? ಪಾಠದ ಹೊತ್ತಿಗೆ ಆರಂಭವಿರುವಂತೆ ಮುಕ್ತಾಯವೂ ಇರತಕ್ಕದ್ದು. ತಂದೆಯೂ ಒಂದೆರಡು ಪಾಠಗಳ ಹೊಣೆಯನ್ನು ಹೊರತಕ್ಕದ್ದು.

ಮೂರನೆಯ ಪ್ರಶ್ನೆಯೇ ನಮ್ಮ ಮನಸ್ಸನ್ನು ಹೆಚ್ಚಾಗಿ ಕಲಕಿತು. ಹಿಂದಿನ ಕಾಲದ ಹೆಣ್ಣುಮಗಳಿಗೆ “ಇನ್ನು ಮನೆಯಲ್ಲಿರು” ಎಂಬ ಮಾತಿಗೆ ಓದು ಮುಗಿಯಿತೆಂದೇ ಅರ್ಥವಿತ್ತು. ಶಾಲೆಯ ಗಂಟೆಯು ಅವಳನ್ನು ಒಲೆಯಿಂದಲೂ ತೊಟ್ಟಿಲಿಂದಲೂ ಕೆಲವು ತಾಸುಗಳ ಮಟ್ಟಿಗೆ ಬಿಡಿಸುತ್ತಿತ್ತು. ಮನೆಯಲ್ಲಿ ಆ ಗಂಟೆಯಿಲ್ಲ. ನೆಂಟರು ಬಂದರೆ ಕಾಫಿಗೆ, ಮಗು ಅತ್ತರೆ ತೂಗುವುದಕ್ಕೆ ಅವಳನ್ನೇ ಎಬ್ಬಿಸುವ ಮನೆಯು ಪಾಠಶಾಲೆಯಾಗಲಾರದು. ಮಗನನ್ನು ಯಾವ ಕೆಲಸಕ್ಕಾಗಿ ಓದಿನಿಂದ ಎಬ್ಬಿಸುವುದಿಲ್ಲವೋ ಆ ಕೆಲಸಕ್ಕಾಗಿ ಮಗಳನ್ನೂ ಎಬ್ಬಿಸಕೂಡದು.

ಕಾಯಿದೆಯ ವಿಷಯವಾಗಿಯೂ ಒಂದು ಮಾತು. 2009ರಲ್ಲಿ ಅಂಗೀಕೃತವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯು 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣವನ್ನು ಹಕ್ಕಾಗಿ ಕೊಟ್ಟಿದೆ. ಹಕ್ಕು ಮಗುವಿನದು, ತಾಯ್ತಂದೆಗಳು ಅದರ ಕಾವಲುಗಾರರು. ಮನೆಯಲ್ಲಿ ಓದಿದವರು 14 ವರ್ಷ ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತುಕೊಳ್ಳಬಹುದು. ಈ ದಾರಿಯನ್ನು ಮಗುವಿಗೂ ಮೊದಲೇ ತಿಳಿಸಿದರೆ ತನ್ನನ್ನು ಎಲ್ಲಿಗೆ ಕರೆದೊಯ್ಯುತ್ತಿದ್ದಾರೆಂಬ ಭಯವು ತಗ್ಗುವುದು.

ಆದುದರಿಂದ ಪೋಷಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಪುಸ್ತಕ ಕೊಳ್ಳುವ ಮೊದಲು ಮಗುವನ್ನು ಕೇಳಿರಿ. ಬಿಟ್ಟುಬರುವ ಶಾಲೆಗೂ ಗೆಳತಿಯರಿಗೂ ವಂದನೆ ಹೇಳಿ ಬರುವುದಕ್ಕೆ ಅವಳಿಗೆ ಅವಕಾಶ ಕೊಡಿರಿ. ಒಂದು ವರ್ಷದ ತರುವಾಯ ಪುನಃ ಕೇಳುವೆವೆಂದು ಮಾತು ಕೊಡಿರಿ. ಅವಳು ಶಾಲೆಗೆ ಮರಳುವೆನೆಂದರೆ ಅದನ್ನು ಸೋಲೆಂದು ಎಣಿಸಬೇಡಿರಿ. ಹಳೆಯ ವಿದ್ಯಾರ್ಥಿನಿಯರೇ, ನೀವು ಈ ಹಾದಿ ಹಿಡಿದರೂ ಹಿಡಿಯದಿದ್ದರೂ, ಗಂಟೆಯ ದನಿ ಕೇಳಿ ಓಡಿಬಂದ ನಿಮ್ಮ ಬಾಲ್ಯವನ್ನು ಸ್ಮರಿಸಿಕೊಳ್ಳಿರಿ. ಮನೆಯಲ್ಲಿ ಓದುವ ನಿಮ್ಮ ಮಗಳಿಗೂ ಅಂಥದೊಂದು ಗಂಟೆ ಬಾರಿಸಲಿ. ಅದು ಬಾರಿಸಿದಾಗ ಮನೆಯವರೆಲ್ಲರೂ ಅದಕ್ಕೆ ಕಿವಿಗೊಡಲಿ.