ಟೈರಿನ ಹೊಳಪು

ಆಯುಧಪೂಜೆಯ ಮುನ್ನಾದಿನ ನಮ್ಮ ಬೀದಿಯಲ್ಲಿ ವಾಹನಗಳಿಗೆ ಅಭ್ಯಂಜನ. ಎದುರುಮನೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ. ಹತ್ತು ಚಕ್ರದ ಲಾರಿಯೊಂದಕ್ಕೆ ಮಾಲೀಕನೂ ಅವನೇ, ಚಾಲಕನೂ ಅವನೇ. ಕಳೆದ ಹಬ್ಬಕ್ಕೆ ಅವನು ಲಾರಿ ತೊಳೆಯುವುದನ್ನು ನೋಡುತ್ತ ಜಗಲಿಯ ಮೇಲೆ ಕುಳಿತಿದ್ದೆ.

ಅವನ ಮಗ ಡೀಸೆಲ್ಲಿಗೆ ಹಳೆಯ ಎಂಜಿನ್ ಆಯಿಲ್ ಬೆರೆಸಿ, ಟೈರಿಗೆ ಹಚ್ಚಲು ಬಟ್ಟೆ ಹಿಡಿದು ಬಂದ. ತಂದೆ ತಡೆದ. "ಹಚ್ಚಲಿ ಬಿಡೋ, ಹಬ್ಬವಲ್ಲವೇ? ಕಪ್ಪಗೆ ಹೊಳೆದರೆ ನೋಡಲು ಚೆಂದ" ಎಂದೆ ನಾನು.

"ಬೇಡ ಮೇಷ್ಟ್ರೇ, ಆ ಹೊಳಪನ್ನು ನಂಬಿ ಒಮ್ಮೆ ಕೆಟ್ಟಿದ್ದೇನೆ" ಎಂದ.

2014ರ ಹಬ್ಬಕ್ಕೆ ಅವನು ಲಾರಿಯನ್ನು ತೊಳೆಯಲು ಹೊರಗೆ ಕೊಟ್ಟಿದ್ದನಂತೆ. ಟೈರುಗಳು ಕನ್ನಡಿಯಂತೆ ಮಿಂಚುತ್ತ ಬಂದವು. ಮುಂದಿನ ಟೈರಿನ ಪಕ್ಕೆಯಲ್ಲಿದ್ದ ಸೀಳು ಆ ಎಣ್ಣೆಯ ಕಪ್ಪಿನಲ್ಲಿ ಮುಚ್ಚಿಹೋಗಿತ್ತು. ವಾರ ಕಳೆಯುವುದರೊಳಗೆ ಹಿರಿಯೂರಿನ ಹತ್ತಿರ ಆ ಟೈರು ಸಿಡಿದು ಲಾರಿ ರಸ್ತೆ ಬಿಟ್ಟು ಇಳಿಯಿತು. ಕ್ಲೀನರಾಗಿ ಜೊತೆಗಿದ್ದ ಅವನ ತಮ್ಮನಿಗೆ ಎಡಗಾಲನ್ನು ಇಂದಿಗೂ ಪೂರ್ತಿ ಮಡಿಸಲಾಗದು.

ಅಂದಿನಿಂದ ಅವನು ಚಕ್ರಗಳನ್ನು ಮನೆಯಲ್ಲಿ ತಾನೇ ತೊಳೆಯುತ್ತಾನೆ. ಲಾರಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಬಿಸಿ ಆರುವವರೆಗೆ ಕಾಯುತ್ತಾನೆ. ನೀರು ಹಾಯಿಸಿ ಕೆಸರು ಇಳಿಸಿ, ಸಾಬೂನಿನ ನೀರಿನಲ್ಲಿ ಬ್ರಷ್ ಅದ್ದಿ ಉಜ್ಜುತ್ತಾನೆ. ಉಜ್ಜುವಾಗ ಅವನ ಬೆರಳುಗಳು ಸೀಳು, ಉಬ್ಬು, ಚುಚ್ಚಿಕೊಂಡ ಮೊಳೆಗಳನ್ನು ಹುಡುಕುತ್ತವೆ. ಹಿಂದಿನ ಜೋಡಿ ಟೈರುಗಳ ನಡುವೆ ಸಿಕ್ಕಿಕೊಂಡ ಕಲ್ಲನ್ನು ಮೀಟಿ ತೆಗೆಯುತ್ತಾನೆ. ಟೈರಿನ ಗೀರುಗಳ ತಳದಲ್ಲಿ ಸವೆತ ತಿಳಿಸುವ ಸಣ್ಣ ದಿಂಡುಗಳಿರುತ್ತವೆ; ಮೇಲ್ಮೈ ಅವುಗಳ ಮಟ್ಟಕ್ಕೆ ಇಳಿದರೆ ಉಳಿದ ಆಳ ಸುಮಾರು 1.6 ಮಿಲಿಮೀಟರ್ ಮಾತ್ರ, ಟೈರಿನ ಆಯುಸ್ಸು ಮುಗಿಯಿತೆಂದೇ ಅರ್ಥ. ಪಕ್ಕೆಯ ಮೇಲಿನ ನಾಲ್ಕು ಅಂಕಿಗಳು ಟೈರಿನ ಜಾತಕ: 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ಹುಟ್ಟಿದ್ದು. ನಟ್ಟಿನ ಬುಡದಿಂದ ತುಕ್ಕಿನ ಗೆರೆ ಇಳಿದಿದ್ದರೆ ಅದು ಸಡಿಲವಾಗಿರಬಹುದು. ನಟ್ಟಿನ ಮೇಲೆ ಬಣ್ಣ ಬಳಿದರೆ ಆ ಗೆರೆಯೂ ಕಾಣದು.

ಡೀಸೆಲ್ಲಿನ ವಿಷಯವೂ ತಿಳಿದಿರಲಿ. ಪೆಟ್ರೋಲಿಯಂ ಎಣ್ಣೆ ರಬ್ಬರಿನೊಳಗೆ ಇಳಿದು ಅದನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ. ಟೈರಿನ ಪಕ್ಕೆಯಲ್ಲಿ ಕಾಣುವ ಕಂದು ಛಾಯೆಯೆಲ್ಲ ಕೊಳೆಯಲ್ಲ. ಗಾಳಿಯಲ್ಲಿರುವ ಓಝೋನಿನಿಂದ ರಬ್ಬರು ಬಿರುಕು ಬಿಡದಿರಲೆಂದು ತಯಾರಿಕೆಯಲ್ಲೇ ಮೇಣ ಮುಂತಾದವನ್ನು ಬೆರೆಸಿರುತ್ತಾರೆ. ಅವು ಮೆಲ್ಲನೆ ಮೇಲೆ ಬಂದು ಹೊದಿಕೆಯಾಗುತ್ತವೆ. ಅದನ್ನು ಎಣ್ಣೆಯಿಂದ ತೊಳೆದು ತೆಗೆದು ಮಿನುಗಿಸುವುದು ಕಾವಲುಗಾರನನ್ನು ಓಡಿಸಿ ಬಾಗಿಲಿಗೆ ತೋರಣ ಕಟ್ಟಿದಂತೆ. ಹೊಳಪು ಬೇಕೇ ಬೇಕೆನ್ನುವವರು, ಪರೀಕ್ಷೆಯೆಲ್ಲ ಮುಗಿದ ಮೇಲೆ, ಟೈರಿಗೆಂದೇ ದೊರೆಯುವ ನೀರಿನಂಶದ ಪಾಲಿಶನ್ನು ಪಕ್ಕೆಗೆ ಮಾತ್ರ ತೆಳುವಾಗಿ ಹಚ್ಚಲಿ. ನೆಲಕ್ಕೆ ತಾಗುವ ಭಾಗಕ್ಕೆ ಸೋಕಿಸಿದರೆ ಚಕ್ರ ಜಾರೀತು.

ಇದನ್ನೆಲ್ಲ ಕೇಳುತ್ತ ನನಗೆ ನನ್ನದೇ ತಪ್ಪೊಂದು ನೆನಪಾಯಿತು. ನೋಟ್ ಪುಸ್ತಕಕ್ಕೆ ಕಂದು ಕಾಗದದ ರಟ್ಟು ಹಾಕಿ, ಅಂಚಿಗೆ ಕೆಂಪು ಗೆರೆ ಎಳೆದು ತಂದವರಿಗೆ ನಾನು ಧಾರಾಳವಾಗಿ 'ಉತ್ತಮ' ಎಂದು ಬರೆಯುತ್ತಿದ್ದೆ. ಒಳಗಿನ ಲೆಕ್ಕ ತಪ್ಪಾಗಿದ್ದುದನ್ನು ಎಷ್ಟೋ ಬಾರಿ ಗಮನಿಸಲಿಲ್ಲ. ಅಚ್ಚುಕಟ್ಟನ್ನು ಕಲಿಸಿದೆ, ಆದರೆ ನೋಡುವುದನ್ನು ಅಷ್ಟಾಗಿ ಕಲಿಸಲಿಲ್ಲ. ಅದನ್ನು ಈ ವಿದ್ಯಾರ್ಥಿ ತಮ್ಮನ ಕಾಲಿನ ಬೆಲೆ ತೆತ್ತು ಕಲಿತ.

ವಾಹನವನ್ನು ಅಲಂಕರಿಸಬೇಡಿ ಎಂದು ನಾನು ಹೇಳುತ್ತಿಲ್ಲ. ಅನ್ನ ಕೊಡುವ ಚಕ್ರಕ್ಕೆ ಅರಿಸಿನ ಕುಂಕುಮ ಹಚ್ಚುವುದು ಕೃತಜ್ಞತೆ. ಆದರೆ ವರ್ಷಕ್ಕೊಮ್ಮೆ ಹೊಳಪು ಕೊಟ್ಟು ಉಳಿದ ದಿನ ಮರೆಯುವುದು ಪೂಜೆಯಲ್ಲ. ತಿಂಗಳಿಗೊಮ್ಮೆಯಾದರೂ ಬಕೆಟ್ಟು ಹಿಡಿದು ಚಕ್ರದ ಮುಂದೆ ಕುಕ್ಕರಗಾಲಿನಲ್ಲಿ ಕೂರಿ, ಓಡಿಸುವವರೇ ಕೂರಿ. ನಿಮ್ಮಲ್ಲಿ ಲಾರಿ, ಟೆಂಪೊ, ಕಾರು ಇಟ್ಟುಕೊಂಡವರು ಬಹಳ ಮಂದಿ ಇದ್ದೀರಿ. ಮುಂದಿನ ಬಾರಿ ನಮ್ಮ ಮನೆಗೆ ಬಂದಾಗ ನಿಮ್ಮ ಟೈರು ಮಿಂಚುತ್ತಿದ್ದರೆ ನಾನು ಮೆಚ್ಚಿಕೊಳ್ಳುವ ಮೊದಲು ಬಗ್ಗಿ ನೋಡುತ್ತೇನೆ. ಮುದುಕ ಮೇಷ್ಟ್ರಿಗೆ ಅನುಮಾನವೆಂದು ಬೇಸರಿಸಬೇಡಿ.